ಚಾವಣಿ ಮೇಲೆ ಟೈಮ್ ತೋರಿಸುವ ರೇಡಿಯೊ ಗಡಿಯಾರ: ಎಂಟು ತಿಂಗಳು ಏಗಿದ ಮೇಲೆ

ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾದರೆ ಫೋನ್ ಎತ್ತಿ ಟೈಮ್ ನೋಡುವ ಚಟ ನನಗಿತ್ತು. ಟೈಮ್ ನೋಡೋಕೆ ಅಂತ ಎತ್ತಿದ ಫೋನು ಕೆಳಗಿಡುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿರುತ್ತಿತ್ತು. ಆ ಚಟ ಬಿಡಿಸಿಕೊಳ್ಳೋಕೆ ಅಂತಲೇ ಈ ಗಡಿಯಾರ ತಗೊಂಡೆ. ಮಲಗಿದಲ್ಲೇ ಕಣ್ಣು ಬಿಟ್ಟರೆ ಚಾವಣಿ ಮೇಲೆ ದೊಡ್ಡ ಕೆಂಪು ಅಂಕಿಗಳಲ್ಲಿ ಟೈಮ್ ಕಾಣುತ್ತದೆ. ತಲೆ ತಿರುಗಿಸಬೇಕಿಲ್ಲ, ಕನ್ನಡಕ ತಡಕಾಡಬೇಕಿಲ್ಲ. ಅದರ ಮೇಲೆ, ರೇಡಿಯೊ ಸಿಗ್ನಲ್ ಹಿಡಿದು ತನ್ನ ಟೈಮನ್ನು ತಾನೇ ಸರಿಮಾಡಿಕೊಳ್ಳುತ್ತದೆ, ನೀವು ಏನೂ ಮಾಡಬೇಕಿಲ್ಲ ಅಂತ ಡಬ್ಬಿ ಮೇಲೆ ಬರೆದಿತ್ತು.

ಆ "ಏನೂ ಮಾಡಬೇಕಿಲ್ಲ" ಅನ್ನೋ ಮಾತನ್ನು ನಂಬಿದ್ದೇ ತಪ್ಪಾಯಿತು.

ಕಂಪನಿ ಹೆಸರು ಹೇಳಲ್ಲ. ಇದೇ ಥರದ ಗಡಿಯಾರಗಳು ಬೇರೆ ಬೇರೆ ಹೆಸರಲ್ಲಿ ಬರುತ್ತವೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ನಾನು ಹೇಳೋದು ನಿಮ್ಮ ಮನೆಯಲ್ಲಿರುವ ಬೇರೆ ಹೆಸರಿನ ಗಡಿಯಾರಕ್ಕೂ ಅನ್ವಯಿಸಬಹುದು. ಅಂಕ ಕೊಡಿ ಅಂದರೆ ಐದಕ್ಕೆ ಮೂರೂವರೆ. ಮೊದಲ ವಾರದಲ್ಲಿ ಕೇಳಿದ್ದರೆ ಒಂದು ಕೊಟ್ಟು ವಾಪಸ್ ಕಳಿಸುತ್ತಿದ್ದೆ.

ಅರ್ಧ ಅಂಕ ಕಳೆದದ್ದಕ್ಕೂ ಒಂದು ಕಾರಣ ಇದೆ. ಈ ಗಡಿಯಾರದ ಹೆಸರಲ್ಲೇ ಎರಡು ಗುಣ ಇವೆ: ಒಂದು ರೇಡಿಯೊ, ಇನ್ನೊಂದು ಪ್ರೊಜೆಕ್ಷನ್. ಇವೆರಡಕ್ಕೂ ಒಂದಕ್ಕೊಂದು ಆಗಿಬರಲ್ಲ. ಚಾವಣಿ ಮೇಲೆ ರಾತ್ರಿಯಿಡೀ ಬೆಳಕು ಬೇಕಂದರೆ ಕರೆಂಟ್ ಅಡಾಪ್ಟರ್ ಹಾಕಬೇಕು, ಮಂಚದ ಪಕ್ಕ ಇಡಬೇಕು. ರೇಡಿಯೊ ಸರಿಯಾಗಿ ಕೇಳಬೇಕಂದರೆ ಅಡಾಪ್ಟರ್ ದೂರ ಇರಬೇಕು, ಗಡಿಯಾರ ಕಿಟಕಿ ಹತ್ತಿರ ಇರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಇದನ್ನು ಡಬ್ಬಿ ಮೇಲೂ ಬರೆದಿಲ್ಲ, ಒಳಗಿನ ಪುಸ್ತಕದಲ್ಲೂ ನೇರವಾಗಿ ಹೇಳಿಲ್ಲ. ನನಗೆ ಗೊತ್ತಾಗೋಕೆ ಮೂರು ವಾರ ಬೇಕಾಯಿತು.

ಮೊದಲ ದಿನ ಏನು ಮಾಡಿದೆ ಅಂದರೆ, ಎಲ್ಲರೂ ಮಾಡೋದನ್ನೇ. ಡಬ್ಬಿ ಬಿಚ್ಚಿದೆ, ಬೆಳಕು ನೋಡುವ ಆಸೆಗೆ ಮೊದಲು ಅಡಾಪ್ಟರ್ ಚುಚ್ಚಿದೆ, ಆಮೇಲೆ ಸೆಲ್ ಹಾಕಿದೆ. ಪರದೆ ಮೇಲೆ 0:00 ಬಂತು. ಪಕ್ಕದಲ್ಲಿ ಪುಟ್ಟ ಟವರ್ ಚಿತ್ರ ಮಿಣಮಿಣ ಅನ್ನತೊಡಗಿತು. ಒಂದು ನಿಮಿಷ ಕಾದೆ. ಏನೂ ಆಗಲಿಲ್ಲ. ಸರಿ, ಕೈಯಲ್ಲೇ ಸೆಟ್ ಮಾಡೋಣ ಅಂತ ಒಂದು ಬಟನ್ ಒತ್ತಿದೆ. ಟವರ್ ಮಾಯವಾಯಿತು. ಸೆಲ್ ತೆಗೆದು ಮತ್ತೆ ಹಾಕಿದೆ. ಮತ್ತೆ ಟವರ್, ಮತ್ತೆ ಒಂದು ನಿಮಿಷದ ತಾಳ್ಮೆ, ಮತ್ತೆ ಬಟನ್. ಹೀಗೆ ಆರೇಳು ಸಲ. ಗಡಿಯಾರಕ್ಕೆ ಬಾಯಿದ್ದಿದ್ದರೆ "ಸುಮ್ನೆ ಇರಪ್ಪ ಸ್ವಲ್ಪ" ಅಂತಿತ್ತು. ಸಿಗ್ನಲ್ ಹುಡುಕುವಾಗ ಯಾವ ಬಟನ್ ಒತ್ತಿದರೂ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಸೆಲ್ ಹಾಕಿ, ಹತ್ತು ನಿಮಿಷ ಆ ಕಡೆ ತಲೆ ಹಾಕದೆ ಇರೋದೇ ಸೆಟಪ್.

ಹತ್ತು ನಿಮಿಷ ಯಾಕೆ ಬೇಕು ಅನ್ನೋದು ಗೊತ್ತಾದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಯುರೋಪಿನಲ್ಲಿ ನಾನಿರುವ ಕಡೆ ಸಿಗೋದು ಜರ್ಮನಿಯ ಡಿಸಿಎಫ್77 ಅನ್ನೋ ಟೈಮ್ ಸಿಗ್ನಲ್. ಫ್ರಾಂಕ್‌ಫರ್ಟ್ ಹತ್ತಿರದ ಮೈನ್‌ಫ್ಲಿಂಗೆನ್ ಅನ್ನೋ ಕಡೆಯಿಂದ 77.5 ಕಿಲೋಹರ್ಟ್ಜ್‌ನಲ್ಲಿ ಬರುತ್ತದೆ, ಸುಮಾರು 2000 ಕಿಲೋಮೀಟರ್ ದೂರದವರೆಗೆ ಸಿಗುತ್ತದೆ. ಆ ಟೈಮಿನ ಮೂಲ ಪರಮಾಣು ಗಡಿಯಾರ. 1959ರಿಂದ ಈ ಪ್ರಸಾರ ಇದೆ, ಗಂಟೆ ತಾರೀಖುಗಳನ್ನು ಅದರಲ್ಲಿ ಸೇರಿಸಿ ಕಳಿಸೋಕೆ ಶುರುವಾಗಿದ್ದು 1973ರಲ್ಲಿ. ಆದರೆ ಕಳಿಸುವ ರೀತಿ ಮಾತ್ರ ಬಲು ನಿಧಾನ. ಸೆಕೆಂಡಿಗೆ ಒಂದೇ ಒಂದು ಬಿಟ್. ಪ್ರತಿ ಸೆಕೆಂಡಿನ ಶುರುವಲ್ಲಿ ಸಿಗ್ನಲ್ ಸ್ವಲ್ಪ ಹೊತ್ತು ಕುಗ್ಗುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ಕುಗ್ಗಿದರೆ ಸೊನ್ನೆ, ಹತ್ತನೇ ಎರಡು ಭಾಗ ಕುಗ್ಗಿದರೆ ಒಂದು. ನಿಮಿಷ, ಗಂಟೆ, ತಾರೀಖು, ವಾರ, ತಿಂಗಳು, ವರ್ಷ ಎಲ್ಲ ಈ ಸೊನ್ನೆ ಒಂದುಗಳಲ್ಲೇ ಬರಬೇಕು. ಕೊನೆಯ ಸೆಕೆಂಡಿನಲ್ಲಿ ಕುಗ್ಗುವುದೇ ಇಲ್ಲ, ಆ ಮೌನವೇ "ಈಗ ಹೊಸ ನಿಮಿಷ" ಅನ್ನೋ ಸೂಚನೆ. ಅಂದರೆ ಒಂದು ಸಲ ಪೂರ್ತಿ ಟೈಮ್ ಕೇಳೋಕೇ ಒಂದು ನಿಮಿಷ ಬೇಕು. ಗಡಿಯಾರ ಒಂದು ಸಲ ಕೇಳಿ ನಂಬಲ್ಲ, ಎರಡು ಮೂರು ನಿಮಿಷ ಕೇಳಿ ತಾಳೆ ನೋಡುತ್ತದೆ. ಮಧ್ಯೆ ಒಂದೇ ಒಂದು ಸೆಕೆಂಡು ಗದ್ದಲ ಆದರೂ ಮತ್ತೆ ಮೊದಲಿನಿಂದ. ಫೋನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಟೈಮ್ ಬರೋದನ್ನು ನೋಡಿ ಅಭ್ಯಾಸವಾದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಇದಕ್ಕೆ ಇಂಟರ್ನೆಟ್ ಬೇಡ, ಖಾತೆ ಬೇಡ, ಪಾಸ್‌ವರ್ಡ್ ಬೇಡ. ಆ ಒಂದು ಕಾರಣಕ್ಕೆ ನಾನು ಹತ್ತು ನಿಮಿಷ ಕೊಡೋಕೆ ತಯಾರು.

ಬೇರೆ ಕಡೆ ಇರುವವರಿಗೆ ಬೇರೆ ಟವರ್. ಬ್ರಿಟನ್ನಿನಲ್ಲಿ ಆಂಥಾರ್ನ್‌ನಿಂದ 60 ಕಿಲೋಹರ್ಟ್ಜ್, ಅದು 2007ರವರೆಗೆ ರಗ್ಬಿಯಿಂದ ಬರುತ್ತಿತ್ತು. ಅಮೆರಿಕದಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನ ಡಬ್ಲ್ಯುಡಬ್ಲ್ಯುವಿಬಿ, ಅದೂ 60. ಜಪಾನಿನಲ್ಲಿ 40 ಮತ್ತು 60, ಚೀನಾದಲ್ಲಿ 68.5. ಇಲ್ಲೊಂದು ಎಚ್ಚರಿಕೆ. ಬ್ರಿಟನ್, ಅಮೆರಿಕ ಎರಡೂ 60 ಆದರೂ ಸಂಕೇತ ಬೇರೆ ಬೇರೆ, ಆದ್ದರಿಂದ ಒಂದು ಕಡೆಯ ಗಡಿಯಾರ ಇನ್ನೊಂದು ಕಡೆ ಕೆಲಸ ಮಾಡುತ್ತದೆ ಅಂತ ಅಂದುಕೊಳ್ಳಬೇಡಿ. ಕೆಲವು ಮಾಡೆಲ್‌ಗಳು ಹಲವು ಟವರ್ ಹಿಡಿಯುತ್ತವೆ, ಜಾಸ್ತಿಯವು ಒಂದನ್ನೇ. ಕೊಳ್ಳುವ ಮೊದಲು ಡಬ್ಬಿ ಮೇಲೆ ಯಾವ ಸಿಗ್ನಲ್ ಅಂತ ಬರೆದಿದೆ ನೋಡಿ.

ಯಾವ ಟವರೂ ತಲುಪದ ಕಡೆಗೆ ಒಯ್ದರೆ? ಏನೂ ಕೆಡಲ್ಲ, ಮಾಮೂಲಿ ಕ್ವಾರ್ಟ್ಜ್ ಗಡಿಯಾರದ ಥರ ನಡೆಯುತ್ತದೆ. ಟೈಮ್ ಕೈಯಲ್ಲಿ ಕೊಡಬೇಕು, ಸಿಗ್ನಲ್ ಹುಡುಕೋದನ್ನು ಆಫ್ ಮಾಡಬೇಕು. ಆಫ್ ಮಾಡದಿದ್ದರೆ ಅದು ಪಾಪ ದಿನಾ ರಾತ್ರಿ ಗಾಳಿಗೆ ಕಿವಿಗೊಟ್ಟು ಸೆಲ್ ಖಾಲಿ ಮಾಡಿಕೊಳ್ಳುತ್ತದೆ. ಇನ್ನೊಂದು ವಿಷಯ, ಇವುಗಳಲ್ಲಿ ಟೈಮ್ ಝೋನ್ ಸಾಮಾನ್ಯವಾಗಿ ಒಂದೊಂದು ಗಂಟೆಯ ಹೆಜ್ಜೆಯಲ್ಲೇ ಇರುತ್ತದೆ. ಗ್ರೀನ್‌ವಿಚ್ ಟೈಮಿಗಿಂತ ಭಾರತ ಐದೂವರೆ ಗಂಟೆ ಮುಂದೆ, ನೇಪಾಳ ಐದೂಮುಕ್ಕಾಲು, ಇಂಥವಕ್ಕೆ ಜಾಗವೇ ಇರಲ್ಲ. ಉಡುಗೊರೆ ಕೊಡುವ ಯೋಚನೆ ಇದ್ದರೆ ಇದು ನೆನಪಿರಲಿ.

ಸರಿ, ನನ್ನ ಕಥೆಗೆ ಬರ್ತೀನಿ. ಬಟನ್ ಮುಟ್ಟದೆ ಹತ್ತು ನಿಮಿಷ ಬಿಟ್ಟರೂ ಸಿಗ್ನಲ್ ಸಿಗಲಿಲ್ಲ. ಟವರ್ ಚಿತ್ರ ಸ್ವಲ್ಪ ಹೊತ್ತು ಮಿಣುಕಿ ಆರಿಹೋಗುತ್ತಿತ್ತು. (ಮಿಣುಕುತ್ತಿದ್ದರೆ ಹುಡುಕುತ್ತಿದೆ, ನಿಂತು ಉರಿದರೆ ಸಿಕ್ಕಿದೆ, ಚಿತ್ರವೇ ಇಲ್ಲದಿದ್ದರೆ ಕೈಚೆಲ್ಲಿದೆ ಅಂತ ಅರ್ಥ. ಬಹಳಷ್ಟು ಗಡಿಯಾರಗಳಲ್ಲಿ ಹೀಗೇ.) ಮಾರಿದವರಿಗೆ ಬರೆದೆ. "ದಯವಿಟ್ಟು ಕಿಟಕಿ ಹತ್ತಿರ ಇಟ್ಟು ನೋಡಿ" ಅಂತ ಒಂದು ಸಾಲಿನ ಉತ್ತರ ಬಂತು. ಯಾಕೆ, ಎಷ್ಟು ಹತ್ತಿರ, ಯಾವ ಹೊತ್ತಲ್ಲಿ, ಏನೂ ಇಲ್ಲ. ಕಿಟಕಿ ಹತ್ತಿರ ಇಟ್ಟೆ, ಹಗಲು ಹೊತ್ತಲ್ಲಿ, ಅಡಾಪ್ಟರ್ ಸಮೇತ. ಸಿಗಲಿಲ್ಲ. ವಾಪಸ್ ಮಾಡೋಣ ಅಂತ ಡಬ್ಬಿಯನ್ನೂ ಹುಡುಕಿ ತೆಗೆದಿಟ್ಟಿದ್ದೆ.

ತಪ್ಪು ಎಲ್ಲಿತ್ತು ಅಂದರೆ ಅಡಾಪ್ಟರ್‌ನಲ್ಲಿ. ಈಗಿನ ಸಣ್ಣ ಅಡಾಪ್ಟರುಗಳು, ಫೋನ್ ಚಾರ್ಜರು, ಎಲ್‌ಇಡಿ ಬಲ್ಬಿನೊಳಗಿನ ಸರ್ಕ್ಯೂಟು, ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ, ಕೆಲವು ಲಕ್ಷಕ್ಕೂ ಮೇಲೆ, ಹಚ್ಚಿ ಆರಿಸಿ ಕೆಲಸ ಮಾಡುತ್ತವೆ. ಟೈಮ್ ಸಿಗ್ನಲ್ ಇರೋದೂ ಹೆಚ್ಚುಕಮ್ಮಿ ಅದೇ ಬೀದಿಯಲ್ಲಿ. ನೂರಾರು ಕಿಲೋಮೀಟರ್ ದಾಟಿ ಸೋತು ಬಂದ ಸಣ್ಣ ದನಿಯನ್ನು ಕೇಳಿಸಿಕೊಳ್ಳುವವನ ಕಿವಿ ಪಕ್ಕ ಯಾರೋ ತಮಟೆ ಬಡಿದ ಹಾಗೆ. ನನ್ನ ಮಂಚದ ಪಕ್ಕದ ಮೇಜಿನ ಮೇಲೆ ಎರಡು ಫೋನ್ ಚಾರ್ಜರ್, ಒಂದು ಎಲ್‌ಇಡಿ ದೀಪ, ಅದರ ಜೊತೆ ಈ ಗಡಿಯಾರದ್ದೇ ಅಡಾಪ್ಟರ್ ಇತ್ತು. ಮಂಚ ಕಬ್ಬಿಣದ್ದು. ಗೋಡೆ ಕಾಂಕ್ರೀಟು, ಒಳಗೆ ಕಬ್ಬಿಣದ ಸರಳು. ಬೇಕಂತಲೇ ಹುಡುಕಿದರೂ ಇದಕ್ಕಿಂತ ಕೆಟ್ಟ ಜಾಗ ಸಿಗುತ್ತಿರಲಿಲ್ಲ.

ಆವತ್ತು ರಾತ್ರಿ ಅಡಾಪ್ಟರ್ ತೆಗೆದೆ. ಬರೀ ಸೆಲ್ ಮೇಲೆ, ಪಕ್ಕದ ಕೋಣೆಯ ಕಿಟಕಿ ಕಟ್ಟೆ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಟವರ್ ನಿಂತು ಉರಿಯುತ್ತಿತ್ತು, ಸೆಕೆಂಡು ಸಮೇತ ಟೈಮ್ ಸರಿ, ತಾರೀಖು ಸರಿ, ವಾರ ಸರಿ. ನಿಜ ಹೇಳ್ತೀನಿ, ಚಿಕ್ಕ ಮಕ್ಕಳ ಹಾಗೆ ಖುಷಿಯಾಯಿತು.

ರಾತ್ರಿ ಅನ್ನೋದು ಮುಖ್ಯ. ಈ ಅಲೆ ಹಗಲಲ್ಲಿ ನೆಲಕ್ಕೆ ಅಂಟಿಕೊಂಡೇ ಹೆಚ್ಚು ಸಾಗುತ್ತದೆ. ಒಂದೊಂದು ಅಲೆಯ ಉದ್ದವೇ ಸುಮಾರು 3.9 ಕಿಲೋಮೀಟರ್, ಗುಡ್ಡ ಕಟ್ಟಡ ಅದಕ್ಕೆ ಅಷ್ಟೇನೂ ಅಡ್ಡಿಯಲ್ಲ. ಕತ್ತಲಾದ ಮೇಲೆ ಆಕಾಶದ ಮೇಲಿನ ಪದರಕ್ಕೆ ಬಡಿದು ವಾಪಸ್ ಬರೋದೂ ಸೇರಿಕೊಂಡು ದೂರದವರಿಗೂ ಚೆನ್ನಾಗಿ ಸಿಗುತ್ತದೆ. ಮನೆಯಲ್ಲೂ ಟಿವಿ, ಕಂಪ್ಯೂಟರ್ ಎಲ್ಲ ಆಫ್ ಆಗಿರುತ್ತವೆ. ಅದಕ್ಕೇ ಈ ಗಡಿಯಾರಗಳು ಸಾಮಾನ್ಯವಾಗಿ ನಡುರಾತ್ರಿ ಆದ ಮೇಲೆ ಪ್ರಯತ್ನ ಮಾಡುತ್ತವೆ. ನನ್ನದು ರಾತ್ರಿ ಒಂದರ ಹೊತ್ತಿಗೆ ಒಂದು ಸಲ ಕೇಳುತ್ತದೆ, ಸಿಗದಿದ್ದರೆ 2ಕ್ಕೆ, ಆಮೇಲೆ 3ಕ್ಕೆ. ಹಗಲಲ್ಲಿ ಕೂತು ಪದೇ ಪದೇ ಹುಡುಕಿಸೋದು ಸುಮ್ನೆ ಹೊತ್ತು ಹಾಳು. ಮೊದಲ ದಿನ ಸಿಗಲಿಲ್ಲ ಅಂದರೆ ಒಂದು ರಾತ್ರಿ ಬಿಟ್ಟು ನೋಡಿ, ಆಮೇಲೆ ಬೈಯಿರಿ.

ದಿಕ್ಕೂ ಮುಖ್ಯ, ಇದನ್ನಂತೂ ಯಾರೂ ಹೇಳಲ್ಲ. ಒಳಗಿರುವ ಆಂಟೆನಾ ಅಂದರೆ ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ. ಆ ಕಡ್ಡಿಯ ಮಗ್ಗುಲು ಟವರ್ ಇರುವ ದಿಕ್ಕಿಗಿದ್ದರೆ ಚೆನ್ನಾಗಿ ಸಿಗುತ್ತದೆ, ತುದಿ ಆ ದಿಕ್ಕಿಗಿದ್ದರೆ ಬಹುತೇಕ ಏನೂ ಸಿಗಲ್ಲ. ಹಳೆ ಟ್ರಾನ್ಸಿಸ್ಟರ್ ರೇಡಿಯೊವನ್ನು ಅತ್ತ ಇತ್ತ ತಿರುಗಿಸಿ ಸ್ಟೇಷನ್ ಹಿಡಿಯುತ್ತಿದ್ದದ್ದು ನೆನಪಿದೆಯಲ್ವಾ, ಅದೇ ಕಥೆ. ನನ್ನದರಲ್ಲಿ ಕಡ್ಡಿ ಅಡ್ಡಡ್ಡ ಇದೆ, ಹಾಗಾಗಿ ಗಡಿಯಾರದ ಮುಖ ಅಥವಾ ಬೆನ್ನು ಟವರ್ ಕಡೆ ಇರಬೇಕು. ನಿಮ್ಮದರಲ್ಲಿ ಹೇಗಿದೆ ಗೊತ್ತಾಗದಿದ್ದರೆ ಕಾಲು ಸುತ್ತು ತಿರುಗಿಸಿ ಇನ್ನೊಂದು ರಾತ್ರಿ ಬಿಡಿ.

ಮಜಾ ಇರೋದು ಇಲ್ಲೇ. ಗಡಿಯಾರವನ್ನು ಟವರ್ ಕಡೆ ತಿರುಗಿಸಿದರೆ ಚಾವಣಿ ಮೇಲಿನ ಅಂಕಿ ನನಗೆ ಅಡ್ಡ ಬಿದ್ದಂತೆ ಕಾಣುತ್ತದೆ! ಅಂಕಿಯನ್ನು ತಲೆಕೆಳಗು ಮಾಡುವ ಬಟನ್ ಇದೆ, ಅಂದರೆ ಅರ್ಧ ಸುತ್ತು. ಕಾಲು ಸುತ್ತು ತಿರುಗಿಸೋಕೆ ದಾರಿ ಇಲ್ಲ. ಪ್ರೊಜೆಕ್ಟರ್ ತೋಳು ಮೇಲೆ ಕೆಳಗೆ ಬಾಗುತ್ತದೆ, ಅಷ್ಟೇ. ಎರಡು ರಾತ್ರಿ ಕತ್ತು ಓರೆ ಮಾಡಿಕೊಂಡು ಟೈಮ್ ಓದಿದೆ. ಮೂರನೇ ದಿನ ಅಂಕಿ ನೇರ ಕಾಣುವ ಹಾಗೆ ವಾಪಸ್ ತಿರುಗಿಸಿದೆ.

ಕೊನೆಗೆ ಕುದುರಿದ ಏರ್ಪಾಡು ಹೀಗೆ: ಗಡಿಯಾರ ಮಂಚದ ಪಕ್ಕವೇ ಇದೆ, ಆದರೆ ಕಬ್ಬಿಣದ ಚೌಕಟ್ಟಿನಿಂದ ದೂರ ಸರಿಸಿದ ಮರದ ಸ್ಟೂಲ್ ಮೇಲೆ. ಅಡಾಪ್ಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಅದರ ತಂತಿ ಎಷ್ಟು ಉದ್ದ ಬರುತ್ತದೋ ಅಷ್ಟು ದೂರ ತಳ್ಳಿದ್ದೇನೆ, ಸುಮಾರು ಎರಡು ಮೀಟರ್. ಫೋನ್ ಚಾರ್ಜರುಗಳು ಕೋಣೆಯಿಂದಲೇ ಗಡಿಪಾರು. ಇಷ್ಟಾದ ಮೇಲೆ ವಾರದಲ್ಲಿ ಐದು ರಾತ್ರಿಯಾದರೂ ಸಿಗ್ನಲ್ ಸಿಗುತ್ತದೆ, ದಿಕ್ಕು ಅಷ್ಟು ಸರಿ ಇಲ್ಲದಿದ್ದರೂ. ಉಳಿದ ಎರಡು ರಾತ್ರಿ ಸಿಗದಿದ್ದರೆ ನಷ್ಟ ಏನೂ ಇಲ್ಲ. ಒಳಗಿನ ಕ್ವಾರ್ಟ್ಜ್ ಹರಳು ದಿನಕ್ಕೆ ಒಂದು ಸೆಕೆಂಡಿನ ಆಸುಪಾಸು ಅತ್ತಿತ್ತ ಆಗಬಹುದು, ಅಷ್ಟೇ. ಟವರ್ ಚಿತ್ರ ಕಾಣಲಿಲ್ಲ ಅಂತ ಬೆಳಿಗ್ಗೆ ಬೆಳಿಗ್ಗೆ ಗಾಬರಿ ಆಗೋರಿಗೆ ಈ ಮಾತು. ನಾನೂ ಹಾಗೇ ಇದ್ದೆ.

ಇದೆಲ್ಲ ಸರಿಹೋಗುವ ಮುಂಚೆ ನಡೆದ ಒಂದು ಘಟನೆ ಹೇಳಲೇಬೇಕು. ಬೆಳಿಗ್ಗೆ 5:30ಕ್ಕೆ ಅಲಾರಂ ಇಟ್ಟಿದ್ದೆ. ಹೊಡೆಯಿತು. ಚಾವಣಿ ನೋಡಿದೆ, 5:30. ಎದ್ದೆ, ಹಲ್ಲುಜ್ಜಿದೆ, ಸ್ನಾನ ಮಾಡಿದೆ, ಇನ್ನೂ ಯಾಕೆ ಇಷ್ಟು ಕತ್ತಲು ಅಂದುಕೊಂಡು ಫೋನ್ ನೋಡಿದರೆ 3:50. ಸರಿಯಾಗಿ ಎರಡು ಗಂಟೆ ಮುಂದೆ ಓಡಿತ್ತು ಗಡಿಯಾರ. ಆಗ ತಲೆಬುಡ ತಿಳಿಯಲಿಲ್ಲ. ಆಮೇಲೆ ಸಂಕೇತದ ಲೆಕ್ಕ ತಿಳಿದುಕೊಂಡಾಗ ಊಹೆ ಸಿಕ್ಕಿತು. ಗಂಟೆಯ ಬಿಟ್‌ಗಳು ಸರಿ ಬಂದಿವೆಯೋ ಇಲ್ಲವೋ ನೋಡೋಕೆ ಕೊನೆಗೆ ಒಂದು ತಪಾಸಣೆ ಬಿಟ್ ಇರುತ್ತದೆ. ಒಂದು ಬಿಟ್ ಕೆಟ್ಟರೆ ಅದು ಹಿಡಿಯುತ್ತದೆ. ಎರಡು ಒಟ್ಟಿಗೆ ಕೆಟ್ಟರೆ ಲೆಕ್ಕ ಸರಿಹೊಂದಿ ಪಾಸಾಗಿಬಿಡುತ್ತದೆ. 2 ಗಂಟೆ 4 ಗಂಟೆ ಆಗೋಕೆ ಎರಡೇ ಬಿಟ್ ತಿರುವುಮುರುವು ಆದರೆ ಸಾಕು. ಒಳ್ಳೆಯ ಗಡಿಯಾರ ಮುಂದಿನ ನಿಮಿಷದ ಜೊತೆ ತಾಳೆ ನೋಡಿ ಇಂಥದ್ದನ್ನು ಬಿಸಾಕುತ್ತದೆ, ನನ್ನದು ಆವತ್ತು ನಂಬಿಬಿಟ್ಟಿತು ಅಂತ ಕಾಣುತ್ತದೆ. ಚಾರ್ಜರುಗಳನ್ನು ಹೊರಗೆ ಹಾಕಿದ ಮೇಲೆ ಮತ್ತೆ ಹಾಗಾಗಿಲ್ಲ. ಆದರೂ ವಿಮಾನ ಹಿಡಿಯುವ ದಿನ ನಾನು ಇದೊಂದನ್ನೇ ನಂಬಿ ಮಲಗಲ್ಲ.

ಇದಕ್ಕೂ ಇನ್ನೊಂದು ಮಾಮೂಲಿ ತೊಂದರೆಗೂ ವ್ಯತ್ಯಾಸ ಇದೆ. ನಿಮಿಷ, ಸೆಕೆಂಡು ಸರಿ ಇದ್ದು, ದಿನಾ ಗಂಟೆ ಮಾತ್ರ ಒಂದು ಹೆಚ್ಚೋ ಕಮ್ಮಿಯೋ ತೋರಿಸುತ್ತಿದೆ ಅಂದರೆ ಸಿಗ್ನಲ್ ತಪ್ಪಲ್ಲ, ನಿಮ್ಮ ಟೈಮ್ ಝೋನ್ ತಪ್ಪು. ಜರ್ಮನಿಯ ಟವರ್ ಕಳಿಸೋದು ಜರ್ಮನಿಯ ಟೈಮ್. ಫಿನ್ಲೆಂಡಿನಲ್ಲೋ ಗ್ರೀಸಿನಲ್ಲೋ ಕೂತು ಅದನ್ನು ಹಿಡಿದರೆ +1 ಅಂತ ಕೊಡಬೇಕು, ಪೋರ್ಚುಗಲ್‌ನಲ್ಲಾದರೆ -1. ನನ್ನದರಲ್ಲಿ ಇದು ತಾನಾಗಿ +1 ಆಗಿತ್ತು, ಅಂದರೆ ಒರೆಸುವಾಗ ನನ್ನ ಕೈಯೇ ತಾಗಿರಬೇಕು. ಎಷ್ಟು ಸಲ ಕೈಯಲ್ಲಿ ಗಂಟೆ ತಿದ್ದಿದರೂ ಮಾರನೇ ಬೆಳಿಗ್ಗೆ ಮತ್ತೆ ತಪ್ಪು, ಯಾಕಂದರೆ ರಾತ್ರಿ ಸಿಗ್ನಲ್ ಬಂದು ನನ್ನ ತಿದ್ದುಪಡಿಯನ್ನು ಅಳಿಸಿಹಾಕುತ್ತಿತ್ತು. ಮೂರು ದಿನ ಈ ಹಗ್ಗಜಗ್ಗಾಟ ನಡೆಯಿತು. ಅಮೆರಿಕದ ಟವರ್ ಬೇರೆ ಥರ, ಅದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಮೂಲ ಟೈಮ್ ಕಳಿಸುತ್ತದೆ, ವಲಯದ (ಟೈಮ್ ಝೋನಿನ) ಲೆಕ್ಕ ಸೇರಿಸೋದು ಗಡಿಯಾರದ ಕೆಲಸ. ಆದ್ದರಿಂದ ಅಲ್ಲಿಯ ಗಡಿಯಾರದಲ್ಲಿ ವಲಯ ಆರಿಸದೆ ಸೆಟಪ್ ಮುಗಿಯೋದೇ ಇಲ್ಲ. ಬೇಸಿಗೆ ಟೈಮ್ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡೋದು) ಆನ್, ಆಫ್ ಅಂತ ಇನ್ನೊಂದು ಆಯ್ಕೆಯೂ ಇರುತ್ತದೆ. ಅರಿಜೋನಾದ ಬಹುಭಾಗದಲ್ಲಿ, ಹವಾಯಿಯಲ್ಲಿ ಗಡಿಯಾರ ಮುಂದೆ ಹಿಂದೆ ಮಾಡಲ್ಲ. ಅಲ್ಲಿಯವರು ಅದನ್ನು ಆಫ್ ಮಾಡದಿದ್ದರೆ ವರ್ಷದ ಅರ್ಧಕ್ಕೂ ಹೆಚ್ಚು ದಿನ ತಪ್ಪು ಟೈಮ್ ನೋಡಬೇಕು.

ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಟೈಮ್ ಬದಲಾಗುತ್ತದೆ. ಅಕ್ಟೋಬರಿನದ್ದನ್ನು ಇದು ಅದೇ ರಾತ್ರಿ ತಾನೇ ಹಿಡಿಯಿತು. ಮನೆಯ ಉಳಿದ ಗಡಿಯಾರಗಳನ್ನು ಕುರ್ಚಿ ಹತ್ತಿ ತಿದ್ದುವಾಗ ಇದರ ಮೇಲೆ ಸ್ವಲ್ಪ ಪ್ರೀತಿ ಬಂತು.

ಈಗ ಪ್ರೊಜೆಕ್ಷನ್. ಇದರಲ್ಲಿ ಗುಟ್ಟೇನೂ ಇಲ್ಲ. ಒಂದು ಕೆಂಪು ಎಲ್‌ಇಡಿ, ಅದರ ಮುಂದೆ ಬೆರಳ ತುದಿಯಷ್ಟು ಎಲ್‌ಸಿಡಿ ಚೂರು, ಅದರ ಮುಂದೆ ಒಂದು ಮಸೂರ. ಕೆಂಪೇ ಯಾಕೆ ಅಂದರೆ ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಂಪು ಬೆಳಕು ಅಷ್ಟಾಗಿ ಕೆಡಿಸಲ್ಲ. ನಡುರಾತ್ರಿ ನೋಡಿದರೂ ಚುಚ್ಚಲ್ಲ, ಮತ್ತೆ ನಿದ್ದೆ ಬರುತ್ತದೆ. ಇದನ್ನು ನಾನು ಮೆಚ್ಚಿದೆ. ಬಿಳಿ ಚಾವಣಿ ಇದ್ದರೆ ಅಂಕಿ ಚೆನ್ನಾಗಿ ಮೂಡುತ್ತದೆ, ಗಾಢ ಬಣ್ಣ ಇದ್ದರೆ ಮಂಕು. ಹಗಲಲ್ಲಿ ಕಾಣೋದೇ ಇಲ್ಲ, ಅದು ದೋಷ ಅಲ್ಲ. ಚಾವಣಿ ದೂರ ಇದ್ದಷ್ಟೂ ಅಂಕಿ ದೊಡ್ಡದಾಗುತ್ತದೆ, ಆದರೆ ಮಂಕೂ ಆಗುತ್ತದೆ. ಫೋಕಸ್ ಮಾಡೋಕೆ ಒಂದು ಪುಟ್ಟ ಚಕ್ರ ಇದೆ, ಅದನ್ನು ಹಗಲಲ್ಲಿ ತಿರುಗಿಸಿ ಏನೂ ಆಗ್ತಿಲ್ಲ ಅಂತ ಗೊಣಗಬೇಡಿ. ಪೂರ್ತಿ ಕತ್ತಲು ಮಾಡಿ, ಮಲಗುವ ಜಾಗದಿಂದಲೇ ಒಬ್ಬರು ನೋಡುತ್ತಾ ಇನ್ನೊಬ್ಬರು ತಿರುಗಿಸಿದರೆ ಎರಡು ನಿಮಿಷದ ಕೆಲಸ. ಆ ಚಕ್ರ ನನ್ನದರಲ್ಲಿ ಈಗಾಗಲೇ ಸಡಿಲವಾಗಿದೆ, ಧೂಳು ಒರೆಸಿದರೆ ಫೋಕಸ್ ಹೋಗುತ್ತದೆ. ಒಂದು ಅಂಕ ಕಳೆದದ್ದು ಅದಕ್ಕೇ.

ಚಾವಣಿ ಮೇಲಿನ ಟೈಮಿನಲ್ಲಿ ಬೆಳಿಗ್ಗೆಯೋ ಸಂಜೆಯೋ ಅನ್ನೋದು ಕಾಣಲ್ಲ, ಅದಕ್ಕೆ 24 ಗಂಟೆಯ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಲಾರಂಗೂ ಅದೇ ಒಳ್ಳೆಯದು. 12 ಗಂಟೆಯ ಲೆಕ್ಕದಲ್ಲಿದ್ದಾಗ ಬೆಳಗಿನ 6ರ ಬದಲು ಸಂಜೆ 6ಕ್ಕೆ ಅಲಾರಂ ಇಟ್ಟು ಆರಾಮಾಗಿ ಮಲಗಿದವನು ನಾನು.

ಸೆಲ್ ಮೇಲೆ ಮಾತ್ರ ನಡೆಸಿದರೆ ಪ್ರೊಜೆಕ್ಷನ್ ಸದಾ ಉರಿಯಲ್ಲ. ಮೇಲಿನ ದೊಡ್ಡ ಬಟನ್ ತಟ್ಟಿದಾಗ ಐದು ಸೆಕೆಂಡು ಉರಿದು ಆರುತ್ತದೆ. "ಅಡಾಪ್ಟರ್ ಹಾಕಿದರೂ ಆರಿಹೋಗುತ್ತದೆ" ಅನ್ನುವವರು ಎರಡು ನೋಡಬೇಕು. ಪಿನ್ ಪೂರ್ತಿ ಒಳಗೆ ಹೋಗಿದೆಯಾ, ಬೆನ್ನ ಮೇಲೆ ಸದಾ ಉರಿಯೋಕೆ ಅಂತ ಬೇರೆ ಸ್ವಿಚ್ ಇದೆಯಾ. ನನ್ನದರಲ್ಲಿ ಪಿನ್ ಬಿಗಿ, ಟಕ್ ಅನ್ನೋವರೆಗೂ ಒತ್ತಬೇಕು.

ಅಡಾಪ್ಟರ್ ಸರಿ ಇದ್ದೂ ಬೆಳಕು ಹೋಗುವ ಇನ್ನೊಂದು ಸಂದರ್ಭ ಇದೆ. ಒಂದು ರಾತ್ರಿ ನನ್ನ ಹೆಂಡತಿ ಅಲುಗಾಡಿಸಿ ಎಬ್ಬಿಸಿದಳು. "ರೀ, ನಿಮ್ಮ ಗಡಿಯಾರ ಸತ್ತೋಯ್ತು ನೋಡಿ." ನೋಡಿದರೆ ಚಾವಣಿ ಖಾಲಿ. ಎದ್ದು ಬಟನ್ ಒತ್ತಿದೆ, ಬೆಳಕು ಬಂತು. ಮಾರನೇ ವಾರ ಮತ್ತೆ ಹಾಗೇ ಆಯಿತು, ಎರಡು ಗಂಟೆ ಚಿಲ್ಲರೆಗೆ. ಆಗ ಹೊಳೆಯಿತು, ಸಿಗ್ನಲ್ ಕೇಳುವಷ್ಟು ಹೊತ್ತು ಇದು ಪ್ರೊಜೆಕ್ಟರನ್ನು ತಾನೇ ಆರಿಸಿಕೊಳ್ಳುತ್ತದೆ, ತನ್ನ ಗದ್ದಲ ತನ್ನ ಕಿವಿಗೆ ಬೀಳದಿರಲಿ ಅಂತ. ನಾನು ಎದ್ದು ಬಟನ್ ಒತ್ತಿದಾಗ ಬೆಳಕು ಬಂತು ನಿಜ, ಆದರೆ ಅದರ ಹುಡುಕಾಟವನ್ನು ನಾನೇ ಕೆಡಿಸಿದ್ದೆ. ಎರಡು ಗುಣಕ್ಕೂ ಆಗಿಬರಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ. ಮಾಡಿದವರಿಗೇ ಅದು ಗೊತ್ತಿದೆ!

ಅಲಾರಂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೆಲ್ಲಗೆ ಶುರುವಾಗಿ ಹಂತ ಹಂತವಾಗಿ ಜೋರಾಗುತ್ತದೆ, ಎರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ, ಗಾಢ ನಿದ್ದೆಯವರು ಹುಷಾರು. ಸ್ನೂಜ್ ಬಟನ್ನೂ ಬೆಳಕಿನ ಬಟನ್ನೂ ಒಂದೇ. ಅಲಾರಂ ನಿಲ್ಲಿಸಿದೆ ಅಂದುಕೊಂಡು ಸ್ನಾನಕ್ಕೆ ಹೋದರೆ ಐದು ನಿಮಿಷ ಬಿಟ್ಟು ಮತ್ತೆ ಕೂಗಿ ಮನೆಯವರನ್ನೆಲ್ಲ ಎಬ್ಬಿಸುತ್ತದೆ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ನಾನು ಮನೆಯಲ್ಲಿದ್ದ ರೀಚಾರ್ಜ್ ಸೆಲ್ ಹಾಕಿದ್ದೆ. ಅವು ಕೊಡೋದು 1.2 ವೋಲ್ಟ್, ಮಾಮೂಲಿ ಆಲ್ಕಲೈನ್ ಸೆಲ್ 1.5. ಪರದೆ ಮಸುಕಾಯಿತು, ಸಿಗ್ನಲ್ ಹಿಡಿಯೋದು ಇನ್ನೂ ಕಷ್ಟವಾಯಿತು. ಅಡಾಪ್ಟರ್ ಇದ್ದರೂ ಸೆಲ್ ಇರಲೇಬೇಕು, ಕರೆಂಟ್ ಹೋದರೆ ಟೈಮ್, ಅಲಾರಂ ಎರಡನ್ನೂ ಉಳಿಸೋದು ಅವೇ. ಏನೇನೋ ಅಕ್ಷರ ತೋರಿಸುತ್ತಾ ಬಟನ್ನಿಗೆ ಜಗ್ಗದೆ ಕೂತರೆ ಅಡಾಪ್ಟರ್, ಸೆಲ್ ಎರಡೂ ತೆಗೆದು, ಯಾವುದಾದರೂ ಬಟನ್ ನಾಲ್ಕಾರು ಸಲ ಒತ್ತಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ತೆಗೆದ ಕೂಡಲೇ ಹಾಕಿದರೆ ಒಳಗೆ ಉಳಿದ ಚೂರು ಕರೆಂಟಿನಿಂದ ಹಳೆ ತಲೆಹರಟೆಯೇ ಮುಂದುವರಿಯುತ್ತದೆ. ಹೊರಗಿನ ಉಷ್ಣಾಂಶ ಹೇಳುವ ಬೇರೆ ಸೆನ್ಸರ್ ಜೊತೆ ಬರುವ ಮಾಡೆಲ್ ನಿಮ್ಮದಾದರೆ, ಮೊದಲು ಸೆನ್ಸರಿಗೆ ಸೆಲ್ ಹಾಕಿ, ಆಮೇಲೆ ಗಡಿಯಾರಕ್ಕೆ. ನನ್ನದರಲ್ಲಿ ಅದಿಲ್ಲ, ಪುಣ್ಯ.

ಪುಸ್ತಕದ ಬಗ್ಗೆ ಒಂದು ಮಾತು ಬೈಯದೆ ಮುಗಿಸೋಕಾಗಲ್ಲ. ಏಳು ಭಾಷೆಯಲ್ಲಿ ಇದೆ, ಅಕ್ಷರ ಇರುವೆ ಗಾತ್ರ. ಒಂದು ಕಡೆ ಬಟನನ್ನು ಎರಡು ಸೆಕೆಂಡು ಒತ್ತಿ ಹಿಡಿಯಿರಿ ಅನ್ನುತ್ತದೆ, ಇನ್ನೊಂದು ಕಡೆ ಅದೇ ಬಟನ್ನಿಗೆ ಮೂರು. ವರ್ಷ, ತಿಂಗಳು, ತಾರೀಖು, ವಲಯ, ಭಾಷೆ ಅಂತ ಸಾಲಾಗಿ ಬರುವಾಗ ಮಧ್ಯೆ ಸ್ವಲ್ಪ ತಡಮಾಡಿದರೆ ಮೆನುವಿನಿಂದ ಹೊರಗೆ ಬರುತ್ತದೆ, ಮತ್ತೆ ಮೊದಲಿನಿಂದ ಒತ್ತಿಕೊಂಡು ಬರಬೇಕು.

ಯಾರು ಕೊಳ್ಳಬಹುದು? ಮಂಚದ ಪಕ್ಕ ಫೋನ್ ಬೇಡ ಅಂದುಕೊಂಡವರು, ದೂರದ್ದು ಸರಿಯಾಗಿ ಕಾಣದವರು, ಟವರಿನ ವ್ಯಾಪ್ತಿಯಲ್ಲಿ ಇರುವವರು. ಕಬ್ಬಿಣ ಕಾಂಕ್ರೀಟಿನ ದೊಡ್ಡ ಕಟ್ಟಡದ ನಡುಮನೆಯಲ್ಲಿದ್ದು, ಹತ್ತಿರ ಕಿಟಕಿಯೂ ಇಲ್ಲ ಅಂದರೆ ರೇಡಿಯೊಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ, ಬರೀ ಪ್ರೊಜೆಕ್ಷನ್ ಇರುವ ಗಡಿಯಾರ ತಗೊಂಡು ತಿಂಗಳಿಗೊಮ್ಮೆ ಕೈಯಲ್ಲಿ ತಿದ್ದಿಕೊಳ್ಳಿ.

ನನ್ನ ಮನೆಯಲ್ಲಿ ಒಂದು ತೊಂದರೆ ಮಾತ್ರ ಇನ್ನೂ ಬಗೆಹರಿದಿಲ್ಲ. ಸೆಕೆ ಹೆಚ್ಚಾಗಿ ಸೀಲಿಂಗ್ ಫ್ಯಾನ್ ಹಾಕಿದರೆ ಅಂಕಿಗಳು ರೆಕ್ಕೆಗೆ ಸಿಕ್ಕಿ ಚೂರುಚೂರು. ಫ್ಯಾನಿನ ಆಚೆಗೆ ಬೆಳಕು ಬಿಡೋಣ ಅಂದರೆ ಓರೆಯಾಗಿ ಬಿದ್ದು 8 ಯಾವುದು, 0 ಯಾವುದು ತಿಳಿಯಲ್ಲ. ಸ್ಟೂಲನ್ನು ಮಂಚದ ಆ ಬದಿಗೆ ಇಟ್ಟು ನೋಡಬೇಕು, ಆದರೆ ಎಕ್ಸ್‌ಟೆನ್ಷನ್ ತಂತಿ ಅಲ್ಲಿಗೆ ಎಟುಕುತ್ತಿಲ್ಲ.